ಹೊಗೆಯಿಲ್ಲದ ಅವಳಿ

ಗುಳಿಗೆ ನುಂಗುವವರು ಒಬ್ಬರು, ಅದರ ಕಷ್ಟವನ್ನು ಮೊದಲು ಉಣ್ಣುವವರು ಇನ್ನೊಬ್ಬರು ಎಂಬ ಏರ್ಪಾಟು ಬಂದ ಮೇಲೆ ವಿಶಾಲಾಕ್ಷಿಯ ನರ್ಸ್ ಕೆಲಸ ಎರಡು ಮನೆಯ ಸಂಸಾರದಂತಾಗಿತ್ತು. ದಾವಣಗೆರೆಯ ಆ ಮನೋರೋಗ ಆಸ್ಪತ್ರೆಯ ಕೆಳಮಹಡಿಯಲ್ಲಿ ಮನುಷ್ಯರ ವಾರ್ಡು, ಮೇಲ್ಮಹಡಿಯಲ್ಲಿ ಅವಳಿಗಳ ವಾರ್ಡು. ಬೆಳಿಗ್ಗೆ ಕೆಳಗೆ ಗುಳಿಗೆ ಕೊಟ್ಟು, ನೀರು ಕುಡಿಸಿ, ‘ಬಾಯಿ ತೆಗಿ, ನಾಲಿಗೆ ಎತ್ತು’ ಎಂದು ನೋಡಿ ಮುಗಿಸಿ, ಮಧ್ಯಾಹ್ನ ಅವಳು ಮೇಲೆ ಹತ್ತುತ್ತಿದ್ದಳು. ಮೇಲೆ ಬಾಯಿ ನೋಡುವ ಗೊಡವೆ ಇರಲಿಲ್ಲ. ಅವಳಿಗಳಿಗೂ ಬಾಯಿ ಉಂಟು, ಆದರೆ ಅದು ಮಾತಿಗೆ ಮಾತ್ರ.

ಅವಳಿ ಎಂದರೆ ರೋಗಿಯ ಮಿದುಳಿನ ಒಂದು ಪ್ರತಿ, ಅಷ್ಟೆ. ತಲೆಗೆ ಬಲೆಯಂಥ ಟೊಪ್ಪಿಗೆ ಹಾಕಿ ಕೆಲವು ದಿನ ಮಿದುಳಿನೊಳಗಿನ ಮಿಂಚಿನ ಓಡಾಟವನ್ನು ಯಂತ್ರ ಕಲಿತುಕೊಳ್ಳುತ್ತದೆ. ಒಂದಿಷ್ಟು ರಕ್ತ ತೆಗೆದು, ಈ ಮನುಷ್ಯನ ಪಿತ್ತಜನಕಾಂಗ ಔಷಧಿಯನ್ನು ಎಷ್ಟು ಬೇಗ ಕರಗಿಸುತ್ತದೆ ಎಂಬುದನ್ನೂ ಸೇರಿಸುತ್ತಾರೆ. ಹೀಗೆ ಸಿದ್ಧವಾದ ಅವಳಿಗೆ ಒಂದು ಗುಳಿಗೆ ‘ಕೊಟ್ಟರೆ’, ಕೆಳಗಿನ ಮನುಷ್ಯನಿಗೆ ಒಂದೂವರೆ ತಿಂಗಳು ಹಿಡಿಯುವ ಪರಿಣಾಮ ಮೇಲೆ ಒಂದು ಮಧ್ಯಾಹ್ನದಲ್ಲಿ ಗೊತ್ತಾಗುತ್ತದೆ. ಒಗ್ಗದ ಔಷಧಿಯೆಲ್ಲ ಅವಳಿಯ ಪಾಲು, ಒಗ್ಗಿದ್ದು ಮಾತ್ರ ಕೆಳಗಿಳಿದು ರೋಗಿಯ ಅಂಗೈಗೆ ಬರುತ್ತದೆ.

ಮೊದಮೊದಲು ಪರದೆಯ ಮೇಲಿನ ಗೆರೆಗಳನ್ನಷ್ಟೇ ನೋಡಿ ತೀರ್ಮಾನ ಮಾಡುತ್ತಿದ್ದರು. ಗೆರೆಯೇನೋ ಅಚ್ಚುಕಟ್ಟಾಗಿ ನೆಟ್ಟಗಿರುತ್ತಿತ್ತು. ಕೆಳಗೆ ರೋಗಿ ಕೂತಲ್ಲಿ ಕೂರಲಾರದೆ ವರಾಂಡ ಅಳೆಯುತ್ತಿದ್ದ. ಒಳಗಿನ ಚಡಪಡಿಕೆಗೆ ಗೆರೆ ಇಲ್ಲವೆಂದು ಗೊತ್ತಾದ ಮೇಲೆ ಅವಳಿಗಳಿಗೆ ಮಾತು ಬರುವಂತೆ ಮಾಡಿದರು. ಮಾತು ಬಂದ ಮೇಲೆ ಮಾತಾಡಿಸುವವರು ಬೇಕಲ್ಲ, ಆ ಕೆಲಸ ನರ್ಸುಗಳ ತಲೆಗೆ ಬಂತು. ವಿಶಾಲಾಕ್ಷಿ ಇದನ್ನು ತಲೆಹೊರೆ ಎಂದುಕೊಂಡವಳಲ್ಲ. ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳಿ ಇರಲಿಲ್ಲ. ಈ ಗುಳಿಗೆ ಆಗಲಿಲ್ಲವೇ, ಇನ್ನೊಂದು, ಅದೂ ಆಗಲಿಲ್ಲವೇ, ಮತ್ತೊಂದು ಎಂದು ಜೀವ ಇದ್ದವರ ಮೇಲೆಯೇ ನೋಡಬೇಕಿತ್ತು. ಜೊಲ್ಲು ಸುರಿಸುತ್ತ, ಕೈ ನಡುಗಿಸುತ್ತ, ಬೊಜ್ಜು ಬೆಳೆಸಿಕೊಂಡು ಔಷಧಿಯ ಗುಣ ಕಲಿಸಿಕೊಟ್ಟು ಹೋದ ಆ ಹಳೆಯ ರೋಗಿಗಳ ಋಣ ವಿಶಾಲಾಕ್ಷಿಗೆ ಆಗಾಗ ನೆನಪಾಗುತ್ತಿತ್ತು. ಅದಕ್ಕೇ ಅವಳಿ ಬಂದಾಗ ದೇವರು ಕಣ್ಣುಬಿಟ್ಟ ಎಂದುಕೊಂಡಿದ್ದಳು.

ಮನುಷ್ಯರಾಗಲಿ ಅವಳಿಯಾಗಲಿ, ಅವಳು ಕೇಳುತ್ತಿದ್ದ ಪ್ರಶ್ನೆಗಳು ಒಂದೇ. ನಿದ್ದೆ ಬಂತಾ? ಊಟ ಆಯ್ತಾ? ಒಳಗೆ ಹೆಂಗನ್ನಿಸ್ತೈತೆ? ವಿಶಾಲಾಕ್ಷಿಗೆ ಕೆಲಸ ಕಲಿಸಿದ ಫಿಲೋಮಿನಾ ಸಿಸ್ಟರ್ ಎಂಬ ಹಿರಿಯ ನರ್ಸು ಒಂದು ಗುರುತು ಹೇಳಿಕೊಟ್ಟಿದ್ದರು. ಕಾಯಿಲೆ ಜೋರಾಗಿದ್ದಾಗ ರೋಗಿ ನಿನ್ನ ಪ್ರಶ್ನೆಗೆ ಉತ್ತರ ಕೊಟ್ಟರೂ ಕೊಡಬಹುದು, ಆದರೆ ತಿರುಗಿ ಕೇಳುವುದಿಲ್ಲ. ಯಾವತ್ತು ಅವರಾಗಿಯೇ ‘ನಿಮ್ದು ಊಟ ಆಯ್ತಾ ಸಿಸ್ಟರ್?’ ಅನ್ನುತ್ತಾರೋ ಅವತ್ತು ಗುಳಿಗೆ ತಾಗಿತು ಎಂದು ತಿಳಿ. ಯಂತ್ರದವರು ಈ ಗುರುತನ್ನು ಯಾವ ಗೆರೆಯಲ್ಲೂ ಸೇರಿಸಿರಲಿಲ್ಲ. ವಿಶಾಲಾಕ್ಷಿ ತನ್ನ ಪಾಡಿಗೆ ತಾನು ಕಾಯುತ್ತಿದ್ದಳು.

ಕರಿಬಸಮ್ಮ ಆಸ್ಪತ್ರೆಗೆ ಬಂದದ್ದು ಮಾಗಿ ಚಳಿಯಲ್ಲಿ. ಮಂಡಕ್ಕಿ ಭಟ್ಟಿಯಲ್ಲಿ ಹುರಿಯುವ ಕೆಲಸದ ಹೆಂಗಸು. ಗಂಡ ತೀರಿಹೋಗಿದ್ದ, ಗಾನವಿ ಎಂಬ ಒಬ್ಬಳೇ ಮಗಳಿದ್ದಳು. ಯಾರೂ ಇಲ್ಲದ ಕಡೆಯಿಂದ ಒಬ್ಬ ಗಂಡಸಿನ ದನಿ ಅವಳ ಕಿವಿಗೆ ಬೀಳುತ್ತಿತ್ತು. ಮಗಳ ತಟ್ಟೆಯಲ್ಲಿ ವಿಷ ಇದೆ ಎಂದು ಆ ದನಿ ಹೇಳಿದಾಗೆಲ್ಲ ಅವಳು ಅನ್ನವನ್ನು ಚರಂಡಿಗೆ ಸುರಿಯುತ್ತಿದ್ದಳು. ಹಸಿದ ಮಗು ಪಕ್ಕದ ಮನೆಯ ಬಾಗಿಲಲ್ಲಿ ನಿಂತದ್ದು ಗೊತ್ತಾಗಿ, ಹರಿಹರದಿಂದ ನಾದಿನಿ ಬಂದು ಗಾನವಿಯನ್ನು ಕರೆದುಕೊಂಡು ಹೋದಳು. ಹುಷಾರಾಗು, ಮಗಳನ್ನು ಕಳಿಸುತ್ತೇನೆ ಎಂದು ಮಾತು ಕೊಟ್ಟಿದ್ದಳು. ನಾದಿನಿ ಕೆಟ್ಟವಳೇನಲ್ಲ, ಕಂಡದ್ದಕ್ಕೆ ಹೆದರಿದ್ದಳು.

ಮೇಲ್ಮಹಡಿಯಲ್ಲಿ ಕರಿಬಸಮ್ಮನ ಅವಳಿ ಕಣ್ಣುಬಿಟ್ಟಿತು ಅನ್ನೋಣ, ಕಣ್ಣಿಲ್ಲದಿದ್ದರೂ. ನಿಯಮದ ಪ್ರಕಾರ ಪ್ರತಿ ಸಲವೂ ನೀನು ಯಾರು, ಎಲ್ಲಿದ್ದೀ ಎಂದು ಮೊದಲು ತಿಳಿಸಬೇಕು.

“ನೀನು ಎಲ್ಲಿದ್ದೀ ಹೇಳವ್ವಾ?”

“ಪೆಟ್ಟಿಗೆಯಾಗೆ ಇದೀನಿ ಅಂತ ನೀವೇ ಹೇಳಿದ್ರಲ್ಲ. ಕೆಳಗೆ ಮಲಗಿರಾಕಿ ಕರಿಬಸಮ್ಮ, ನಾನು ಆಕೆ ಬದಲಿಗೆ ಗುಳಿಗೆ ನುಂಗಾಕಿ.”

ಮೊದಲ ಔಷಧಿಗೆ ಅವಳಿ, ತಲೆಯೊಳಗೆ ಹಸಿ ಮಣ್ಣು ತುಂಬಿದಂತಿದೆ ಎಂದಿತು. ಎರಡನೆಯದು ತಿಂಗಳಿಗೊಮ್ಮೆ ಇಂಜೆಕ್ಷನ್ನಾಗಿ ಕೊಡುವ ಹಳೆಯ ಔಷಧಿ. ಅದನ್ನು ಕೊಟ್ಟ ಮೇಲೆ ಅವಳಿಯ ದನಿಯೇ ಬದಲಾಯಿತು.

“ಕಾಲಾಗೆ ಇರುವೆ ಬಿಟ್ಟಂಗೆ ಆಗ್ತೈತ್ರಿ ಸಿಸ್ಟರ್. ನಿಲ್ಲಾಕಾಗಲ್ಲ, ಕೂರಾಕಾಗಲ್ಲ. ನಿಂಗೆ ಕಾಲೇ ಇಲ್ಲ ಅಂತೀರಿ, ಮತ್ಯಾಕ್ರಿ ಹಿಂಗೆ?”

ವಿಶಾಲಾಕ್ಷಿ ಕೂಡಲೇ ಅದನ್ನು ನಿಲ್ಲಿಸಿ, “ತಪ್ಪಾಯ್ತು ಕಣವ್ವ” ಎಂದಳು. ಪಕ್ಕದಲ್ಲಿದ್ದ ಡಾಕ್ಟರ್ ಸಮೀನಾ ನಕ್ಕಳು. ವಯಸ್ಸಿನಲ್ಲಿ ವಿಶಾಲಾಕ್ಷಿಗಿಂತ ಬಹಳ ಚಿಕ್ಕವಳು, ಕೆಲಸದಲ್ಲಿ ಚುರುಕು, ಮನಸ್ಸಿನಲ್ಲಿ ಮೆತ್ತಗೆ.

“ಸಿಸ್ಟರ್, ಅದು ಫೋಟೋ ಇದ್ದಂಗೆ. ಫೋಟೋಗೆ ನೋವಾಗಲ್ಲ.”

“ಇರಬಹುದು ಮೇಡಂ. ಫೋಟೋನೂ ನಾವು ತುಳಿಯಲ್ವಲ್ಲ.”

ಮೂರನೆಯದಾಗಿ ಒಂದು ಹಳದಿ ಗುಳಿಗೆಯ ಸರದಿ ಬಂತು. ಮಧ್ಯಾಹ್ನ ಕಳೆಯುವ ಹೊತ್ತಿಗೆ ಆ ಗಂಡಸಿನ ದನಿ ದೂರ ಸರಿದು, ಯಾರೋ ಬೇರೆ ಓಣಿಯಲ್ಲಿ ಜಗಳವಾಡಿದಂತೆ ಸಣ್ಣಗಾಯಿತು, ಕೊನೆಗೆ ನಿಂತೇಹೋಯಿತು. “ಇಲ್ಲಿ ಹೊಗೆ ಇಲ್ಲ ನೋಡ್ರಿ, ಎದಿ ಹಗುರಾಗೈತೆ” ಎಂದ ಅವಳಿ, ಹಿಂದೆಯೇ “ನಿಮ್ದು ಊಟ ಆಯ್ತಾ ಸಿಸ್ಟರ್?” ಎಂದಿತು. ವಿಶಾಲಾಕ್ಷಿಗೆ ಕುಣಿಯುವಷ್ಟು ಸಂತೋಷವಾಯಿತು. ಆ ಸಂತೋಷದಲ್ಲಿ ಹೊಗೆಯ ಮಾತು ಕಿವಿಯ ಪಕ್ಕದಿಂದಲೇ ಹಾರಿಹೋಯಿತು.

ಅದೇ ಹಳದಿ ಗುಳಿಗೆ ಕೆಳಗಿನ ಕರಿಬಸಮ್ಮನಿಗೂ ತಾಗಿತು. ಮನೆಗೆ ಹೊರಡುವ ದಿನ ಅವಳು ವಿಶಾಲಾಕ್ಷಿಯ ಕೈ ಹಿಡಿದು, “ನನ್ನ ಪಾಲಿನ ಕಷ್ಟ ಉಂಡಾಕಿ ಮೇಲಿದಾಳಂತಲ್ಲ, ಆಕಿನ್ನ ಒಂದು ಸಲ ಮಾತಾಡಿಸ್ಲೇನ್ರಿ? ಕೈ ಮುಗುದು ಹೋಗ್ತೀನಿ” ಎಂದಳು. ಅದಕ್ಕೆ ಅವಕಾಶವಿರಲಿಲ್ಲ. ಇಲ್ಲದ ದನಿ ಕೇಳಿಸುವ ಕಾಯಿಲೆಯವರಿಗೆ ತಮ್ಮದೇ ದನಿಯನ್ನು ಪೆಟ್ಟಿಗೆಯಿಂದ ಕೇಳಿಸುವುದು ಒಳ್ಳೆಯದಲ್ಲವೆಂದು ನಿಯಮ. ಕರಿಬಸಮ್ಮ ಮೆಟ್ಟಿಲ ಬುಡದಲ್ಲಿ ನಿಂತು ಮೇಲ್ಮುಖವಾಗಿ ಕೈ ಮುಗಿದು ಹೋದಳು.

ಗಾನವಿ ಮನೆಗೆ ಬಂದಳು, ಕರಿಬಸಮ್ಮ ಭಟ್ಟಿ ಕೆಲಸಕ್ಕೆ ಹೋದಳು, ಎಲ್ಲ ಸರಿಹೋಯಿತು ಅನ್ನುವಾಗಲೇ ಬೇಸಿಗೆಯಲ್ಲಿ ಕಾಯಿಲೆ ಮರಳಿತು. ಮತ್ತೆ ಆ ಗಂಡಸು, ಮತ್ತೆ ಚರಂಡಿಗೆ ಅನ್ನ. ಈ ಸಲ ನಾದಿನಿ ಮಗುವನ್ನು ಕರೆದುಕೊಂಡು ನೆಟ್ಟಗೆ ಆಸ್ಪತ್ರೆಗೇ ಬಂದಳು.

“ನಾನು ಇನ್ನೆಷ್ಟು ಸಲ ಅಂತ ಎತ್ಕಂಡು ಹೋಗಾದು, ಇಳಿಸಿ ಬರಾದು? ಶಾಲೆ ಶುರುವಾಗಾದ್ರೊಳಗೆ ಹರಿಹರದಾಗೆ ಸೇರಿಸಿ ನಾನೇ ಬೆಳೆಸ್ತೀನಿ. ಆಕಿ ಗುಳಿಗೆ ಉಗುಳ್ತಾಳೆ, ನನಗೆ ಗೊತ್ತೈತೆ.”

ಆಸ್ಪತ್ರೆಯಲ್ಲೂ ಎಲ್ಲರೂ ಹಾಗೆಯೇ ಎಂದುಕೊಂಡರು. ಮೇಲೆ ಅವಳಿ ಅದೇ ಗುಳಿಗೆಯಲ್ಲಿ ಹಾಯಾಗಿದೆ, ಮನೆಯಲ್ಲಿರುವವಳು ಕೆಟ್ಟಿದ್ದಾಳೆ ಎಂದರೆ ನುಂಗುತ್ತಿಲ್ಲ ಎಂದೇ ಅರ್ಥ ತಾನೇ? ಗುಳಿಗೆ ಉಗುಳುವವರಿಗೆ ಇಂಜೆಕ್ಷನ್ ಕೊಡುವುದು ಪದ್ಧತಿ. ಇಂಜೆಕ್ಷನ್ ಎಂದರೆ ಕಾಲಲ್ಲಿ ಇರುವೆ ಬಿಡುವ ಅದೇ ಹಳೆಯದು. ಒಮ್ಮೆ ಚುಚ್ಚಿದರೆ ತಿಂಗಳವರೆಗೆ ಹಿಂದಕ್ಕೆ ತೆಗೆಯುವಂತಿಲ್ಲ. ನಿಂತಲ್ಲಿ ನಿಲ್ಲಲಾರದ ಹೆಂಗಸಿನ ಕೈಗೆ ಮಗುವನ್ನು ಯಾರು ಕೊಟ್ಟಾರು?

“ಮನೆಗೆ ಹೋಗಿ ಒಂದು ಸಲ ನೋಡ್ಕಂಡು ಬರ್ತೀನಿ, ಆಮೇಲೆ ಚುಚ್ಚಿ ಮೇಡಂ” ಎಂದು ವಿಶಾಲಾಕ್ಷಿ ಕೇಳಿಕೊಂಡಳು. ಸಮೀನಾ ಒಪ್ಪಿದಳು.

ಕರಿಬಸಮ್ಮನ ಮನೆ ಭಟ್ಟಿಗಳ ಸಾಲಿನ ಹಿಂದೆಯೇ ಇತ್ತು. ವಿಶಾಲಾಕ್ಷಿ ಹೋದಾಗ ಅವಳು ಭಟ್ಟಿಯಿಂದ ಆಗಷ್ಟೇ ಬಂದಿದ್ದಳು, ಕೂದಲು ಹುಬ್ಬಿನ ಮೇಲೆಲ್ಲ ಬೂದಿ. ನಾದಿನಿ ಗಾನವಿಯ ಬಟ್ಟೆ ಗಂಟು ಕಟ್ಟುತ್ತಿದ್ದಳು. ಕರಿಬಸಮ್ಮ ಒಂದು ಮೂಲೆಯನ್ನು ನೋಡುತ್ತ ಕೂತಿದ್ದಳು. ಅಲ್ಲಿ ಯಾರೋ ಮಾತಾಡುತ್ತಿದ್ದರೆಂಬುದು ಅವಳ ಕಣ್ಣಿನಿಂದಲೇ ತಿಳಿಯುತ್ತಿತ್ತು. ವಿಶಾಲಾಕ್ಷಿ ಕೈಯಾರೆ ಗುಳಿಗೆ ಕೊಟ್ಟಳು. ನೀರು ಕೊಟ್ಟಳು. ಅಭ್ಯಾಸಬಲದಿಂದ, ಮಗುವಿನ ಎದುರಿಗೇ, “ಬಾಯಿ ತೆಗಿ, ನಾಲಿಗೆ ಎತ್ತು” ಎಂದುಬಿಟ್ಟಳು.

ಕರಿಬಸಮ್ಮ ಮರುಮಾತಿಲ್ಲದೆ ಬಾಯಿ ತೆಗೆದಳು. ಬಾಯಲ್ಲಿ ಏನೂ ಇರಲಿಲ್ಲ.

“ದಿನಾ ನುಂಗ್ತೀನ್ರಿ” ಎಂದಳು. “ಆಕಿ ನನ್ನ ಸಲುವಾಗಿ ಅಷ್ಟು ನುಂಗಿದಾಳೆ. ನಾನು ಒಂದು ನುಂಗಾಕೆ ಆಗಲ್ಲ ಅಂತೀನಾ?”

ಗಾನವಿ ಬಾಗಿಲ ಮರೆಯಿಂದ ಇಬ್ಬರನ್ನೂ ನೋಡುತ್ತಿದ್ದಳು. ವಿಶಾಲಾಕ್ಷಿಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಇವಳು ಸುಳ್ಳು ಹೇಳುತ್ತಿಲ್ಲ ಎಂದು ಮನಸ್ಸಿಗೆ ಗೊತ್ತಾಯಿತು, ಆದರೆ ಡಾಕ್ಟರಿಗೆ ಮನಸ್ಸಿನ ಮಾತನ್ನು ತೋರಿಸುವುದು ಹೇಗೆ?

ಅದೇ ಯೋಚನೆಯಲ್ಲಿ ಮನೆಗೆ ಬಂದಳು. ಅವಳ ಅತ್ತೆ ಗೌರಮ್ಮನವರ ಮೂಗಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಕಣ್ಣು ಮಂದವಾಗಿದೆ, ಕಿವಿ ತಮಗೆ ಬೇಕಾದ್ದನ್ನು ಮಾತ್ರ ಕೇಳುತ್ತದೆ, ಮೂಗು ಮಾತ್ರ ಪೊಲೀಸಿನವರಿಗೆ ಬಾಡಿಗೆ ಕೊಡುವಂಥದ್ದು. ಸೊಸೆ ಆಸ್ಪತ್ರೆಯಿಂದ ಬಂದರೆ ಫಿನಾಯಿಲ್ ವಾಸನೆ ಎಂದು ದಿನವೂ ನೇರ ಬಚ್ಚಲಿಗೆ ಅಟ್ಟುತ್ತಿದ್ದರು. ಅವತ್ತು ಅಂಗಳದಲ್ಲೇ ತಡೆದರು.

“ಎಲ್ಲಿಗೆ ಹೋಗಿದ್ಯವ್ವ ಇವತ್ತು? ಮಂಡಕ್ಕಿ ಭಟ್ಟಿಯೊಳಗೆ ಹೊಕ್ಕಂಡು ಬಂದಂಗೈತೆ. ಸೀರೆ ಹೋಗ್ಲಿ, ಮೈಯೆಲ್ಲ ಹೊಗೆ.”

“ಅಲ್ಲಿ ಅರ್ಧ ಗಂಟೆ ಕೂತಿದ್ದೆ ಅಷ್ಟೇ ಅತ್ತೆ.”

“ಅರ್ಧ ಗಂಟೆಗೇ ಹಿಂಗೆ ಹತ್ತಿದ್ರೆ ಅಲ್ಲೇ ಇರೋರ ಪಾಡೇನು?”

ವಿಶಾಲಾಕ್ಷಿ ಬಚ್ಚಲಿಗೆ ಹೋಗಿ, ತಂಬಿಗೆ ನೀರು ಕೈಯಲ್ಲಿ ಹಿಡಿದು, ಸುರಿದುಕೊಳ್ಳುವುದನ್ನು ಮರೆತು ನಿಂತಳು. ‘ಇಲ್ಲಿ ಹೊಗೆ ಇಲ್ಲ ನೋಡ್ರಿ, ಎದಿ ಹಗುರಾಗೈತೆ.’ ಅಂದು ಕಿವಿಯ ಪಕ್ಕದಿಂದ ಹಾರಿಹೋಗಿದ್ದ ಮಾತು ತಿರುಗಿ ಬಂದು ಎದುರಿಗೆ ಕೂತಿತು.

ಬೆಳಿಗ್ಗೆ ಅವಳು ಮೇಲಿನ ಕೋಣೆಗೆ ಏದುಸಿರು ಬಿಡುತ್ತ ಹತ್ತಿ ವಿಷಯ ಹೇಳಿದಾಗ ಸಮೀನಾ ಹಣೆ ಹಿಡಿದುಕೊಂಡಳು.

“ಬೀಡಿ ಸೇದೋರಿಗೆ ಇದೇ ಗುಳಿಗೆ ಜಾಸ್ತಿ ಕೊಡಬೇಕು ಸಿಸ್ಟರ್, ಅದು ಹಳೇ ವಿಷಯ. ಹೊಗೆ ಒಳಗೆ ಹೋದ್ರೆ ಪಿತ್ತಜನಕಾಂಗ ಔಷಧೀನ ಬೇಗಬೇಗ ಕರಗಿಸಿ ಹೊರಗೆ ಹಾಕುತ್ತೆ, ಮಿದುಳಿಗೆ ಮುಟ್ಟೋದು ಅರ್ಧಂಬರ್ಧ. ಬೀಡಿ ಸೇದ್ತೀಯಾ ಅಂತ ಕೇಳಿದ್ವಿ, ಇಲ್ಲ ಅಂದ್ಲು. ಭಟ್ಟಿ ಹೊಗೆ ಬಗ್ಗೆ ನಾನು ಕೇಳಲೇ ಇಲ್ಲ.”

ಆ ಊರಿನಲ್ಲಿ ಸಂಜೆಯಾದರೆ ಮಂಡಕ್ಕಿ ತಿನ್ನದ ಡಾಕ್ಟರಿಲ್ಲ. ಆದರೂ ಅದನ್ನು ಹುರಿಯುವ ಹೊಗೆ ಯಾರ ನೆನಪಿಗೂ ಬಂದಿರಲಿಲ್ಲ. ಟೊಪ್ಪಿಗೆ ಹಾಕುವ ಮುಂಚೆ ರೋಗಿಯನ್ನು ಕೆಲವು ವಾರ ವಾರ್ಡಿನಲ್ಲೇ ಇಟ್ಟುಕೊಂಡು, ಟೀ ಕಾಫಿಯಿಂದ ಹಿಡಿದು ಎಲ್ಲ ಬಿಡಿಸಿ, ಮೈಯನ್ನು ತೊಳೆದಿಟ್ಟ ಪಾತ್ರೆಯಂತೆ ಮಾಡಿ ಆಮೇಲೆ ಅವಳಿ ತಯಾರಿಸುವುದು ಅವರ ಕ್ರಮ. ಹಾಗೆ ತೊಳೆದಿಟ್ಟ ಮೈಯಲ್ಲಿ ಯಾರೂ ಸಂಸಾರ ಮಾಡುವುದಿಲ್ಲ ಎಂಬುದು ಅಷ್ಟು ದಿನ ಒಬ್ಬರಿಗೂ ಹೊಳೆದಿರಲಿಲ್ಲ.

ಕರಿಬಸಮ್ಮನ ರಕ್ತ ತೆಗೆದು ನೋಡಿದರು. ಔಷಧಿ ಇತ್ತು, ಇರಬೇಕಾದ್ದರಲ್ಲಿ ಅರ್ಧವೂ ಇರಲಿಲ್ಲ. ಇಂಜೆಕ್ಷನ್ ಮಾತು ಅಲ್ಲಿಗೆ ನಿಂತಿತು. ಆದರೆ ಗುಳಿಗೆ ಎಷ್ಟು ಏರಿಸಬೇಕು? ಕಡಿಮೆಯಾದರೆ ದನಿ ಹೋಗುವುದಿಲ್ಲ, ಹೆಚ್ಚಾದರೆ ಫಿಟ್ಸ್ ಬರುತ್ತದೆ. ಮೊದಲು ಮೇಲಿನ ಅವಳಿಗೆ ಹೊಗೆ ಹಾಕಬೇಕು, ಹೊಗೆ ಕುಡಿದ ಮೈಯ ಲೆಕ್ಕವನ್ನು ಯಂತ್ರಕ್ಕೆ ಸೇರಿಸಬೇಕು. ಅಂದರೆ, ಹಾಯಾಗಿರುವ ಅವಳಿಯನ್ನು ಕೈಯಾರೆ ಕಾಯಿಲೆಗೆ ತಳ್ಳಬೇಕು.

ಸಮೀನಾ ಯಂತ್ರದ ಗುಂಡಿಯ ಮೇಲೆ ಕೈಯಿಟ್ಟವಳು ಒತ್ತದೆ, ವಿಶಾಲಾಕ್ಷಿಯ ಕಡೆ ನೋಡಿದಳು.

“ಮೊದಲು ಅವಳನ್ನ ಒಂದು ಮಾತು ಕೇಳ್ತೀನಿ ಮೇಡಂ” ಎಂದು ವಿಶಾಲಾಕ್ಷಿ ಕುರ್ಚಿ ಎಳೆದುಕೊಂಡು ಕೂತಳು. ಕೆಳಗೆ ಏನಾಗಿದೆ, ಈಗ ಏನು ಮಾಡಬೇಕಾಗಿದೆ ಎಂಬುದನ್ನೆಲ್ಲ, ಮನುಷ್ಯರಿಗೆ ಹೇಳುವಂತೆಯೇ, ಅವಳಿಗೆ ಬಿಡಿಸಿ ಹೇಳಿದಳು. “ಆ ಗಂಡಸು ಮತ್ತೆ ಬರ್ತಾನೆ ಕಣವ್ವ. ನಾವು ಇಲ್ಲೇ ಕೂತಿರ್ತೀವಿ. ಬೇಡ ಅಂದ್ರೆ ಬೇಡ ಅನ್ನು.”

ಅವಳಿ ಮೊದಲು ಮಗಳ ಮಾತನ್ನೇ ಕೇಳಿತು.

“ಹಿಂಗೆ ಮಾಡಿದ್ರೆ ಗಾನವಿ ಆಕಿ ತಾವಲೇ ಇರ್ತಾಳೇನ್ರಿ?”

“ಇರ್ತಾಳೆ ಅನ್ನೋ ಆಸೆಯಿಂದಲೇ ಕೇಳ್ತಾ ಇರೋದು.”

“ಹಂಗಾರೆ ಹಾಕ್ರಿ ಹೊಗೆ. ನೀವು ಎದ್ದು ಹೋಗಬ್ಯಾಡ್ರಿ ಮತ್ತೆ.”

ಆ ದಿನ ವಿಶಾಲಾಕ್ಷಿ ಎದ್ದು ಹೋಗಲಿಲ್ಲ, ಊಟಕ್ಕೂ ಇಳಿಯಲಿಲ್ಲ. ಹೊಗೆ ಸೇರಿದ ಸ್ವಲ್ಪ ಹೊತ್ತಿಗೆ ಅವಳಿ, “ಬಂದ ನೋಡ್ರಿ” ಎಂದಿತು. ಆಮೇಲೆ ಬೈಗುಳ, ಅಳು, ವಿಷದ ಮಾತು. ಗುಳಿಗೆ ಒಂದು ಹಂತ ಏರಿಸಿದರೂ ಗಂಡಸು ಕದಲಲಿಲ್ಲ. ಇನ್ನೂ ಏರಿಸಿದಾಗ ಪರದೆಯ ಗೆರೆಗಳೆಲ್ಲ ಒಂದೇ ಸಲ ಎದ್ದು ಬಡಿದಾಡಿದವು, ಅವಳಿಯ ಮಾತು ನಿಂತುಹೋಯಿತು. ಅದೇ ಫಿಟ್ಸ್. ಕೆಳಗಿನವಳಿಗೆ ಆಗಬೇಕಾಗಿದ್ದದ್ದು ಇಲ್ಲಿ ಆಯಿತು ಎಂದು ಸಮೀನಾ ಸಣ್ಣ ದನಿಯಲ್ಲಿ ಹೇಳಿ, ಪ್ರಮಾಣ ಇಳಿಸಿ, ಬೆಳಿಗ್ಗೆ ಇಷ್ಟು ರಾತ್ರಿ ಇಷ್ಟು ಎಂದು ಪಾಲು ಮಾಡಿ, ಮತ್ತೆ ಮೊದಲಿನಿಂದ ಶುರುಮಾಡಿದಳು. ಅವಳ ಕಣ್ಣು ಕೆಂಪಾಗಿತ್ತು. ಫೋಟೋದ ಮಾತನ್ನು ಅವಳು ಆಮೇಲೆ ಯಾವತ್ತೂ ಆಡಲಿಲ್ಲ.

ವಿಶಾಲಾಕ್ಷಿ ನಡುನಡುವೆ ಅದೇ ಹಳೆಯ ಪ್ರಶ್ನೆ ಕೇಳುತ್ತಿದ್ದಳು. ನಿದ್ದೆ ಬಂತಾ? ಒಳಗೆ ಹೆಂಗೈತೆ? ಒಮ್ಮೆ ಬೈಗುಳ ಬಂತು. ಒಮ್ಮೆ ಏನೂ ಬರಲಿಲ್ಲ. ಬಿಸಿಲು ಕಿಟಕಿಯಿಂದ ಸರಿದು ಗೋಡೆ ಹತ್ತುವ ಹೊತ್ತಿಗೆ ಮತ್ತೆ ಕೇಳಿದಳು.

“ಊಟ ಆಯ್ತಾ ಕರಿಬಸಮ್ಮ?”

“ಹೂಂ, ಆಯ್ತು ಅಂದ್ಕಳ್ರಿ.” ಆಮೇಲೆ, ಯಾರೋ ಹೊರೆ ಇಳಿಸಿ ಕೂತ ದನಿಯಲ್ಲಿ, “ನಿಮ್ದು ಆಯ್ತಾ ಸಿಸ್ಟರ್?”

ವಿಶಾಲಾಕ್ಷಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟಳು. ಯಾರಿಗೆ ಕೈ ಮುಗಿಯಬೇಕೋ ತಿಳಿಯದೆ ಪರದೆಗೇ ಕೈ ಮುಗಿದಳು. “ಇಲ್ಲ ಕಣವ್ವ, ಈಗ ಮಾಡ್ತೀನಿ. ನಿನ್ನ ಹೊಟ್ಟೆ ತಣ್ಣಗಿರಲಿ” ಎಂದಳು. ಹೊಟ್ಟೆಯೇ ಇಲ್ಲದವಳಿಗೆ ಹಾಗಂದದ್ದು ವಿಶಾಲಾಕ್ಷಿಗೆ ಮಾತ್ರವಲ್ಲ, ಪಕ್ಕದಲ್ಲಿದ್ದ ಡಾಕ್ಟರಿಗೂ ವಿಚಿತ್ರ ಅನ್ನಿಸಲಿಲ್ಲ.

ಹೊಸ ಪ್ರಮಾಣ ಕರಿಬಸಮ್ಮನಿಗೆ ಹೋಯಿತು, ಕೆಲವು ವಾರಗಳಲ್ಲಿ ಆ ಗಂಡಸಿನ ದನಿ ನಿಂತಿತು. ಭಟ್ಟಿಗೆ ದೀರ್ಘ ರಜೆ ಬಂದರೆ ಆಸ್ಪತ್ರೆಗೆ ತಿಳಿಸಬೇಕು, ಆಗ ಗುಳಿಗೆ ಇಳಿಸಬೇಕು ಎಂದು ಅವಳನ್ನೂ ನಾದಿನಿಯನ್ನೂ ಕೂರಿಸಿ ಹೇಳಿದರು. ಗುಳಿಗೆ ಉಗುಳುತ್ತಾಳೆ ಎಂದು ತಾನು ಅಂದದ್ದಕ್ಕೆ ನಾದಿನಿ ಕಣ್ಣೀರು ಹಾಕಿ, ಹರಿಹರದ ಶಾಲೆಯ ಮಾತು ಬಿಟ್ಟಳು. ವಿಶಾಲಾಕ್ಷಿಯೂ ಗಾನವಿಯ ಎದುರಿಗೇ, “ನಿಮ್ಮವ್ವ ಒಂದು ದಿನಾನೂ ಗುಳಿಗೆ ತಪ್ಪಿಸಿಲ್ಲ ಮರಿ, ತಪ್ಪು ನಮ್ಮದು” ಎಂದಳು. ಮಗುವಿನ ಎದುರಿಗೆ ಬಾಯಿ ತೆಗೆಸಿದ್ದಕ್ಕೆ ಮಗುವಿನ ಎದುರಿಗೇ ಹೇಳಬೇಕಾಗಿತ್ತು.

ಶಾಲೆ ಶುರುವಾದ ದಿನ, ಗಾನವಿಯನ್ನು ಗೇಟಿನೊಳಗೆ ಬಿಟ್ಟು, ಕರಿಬಸಮ್ಮ ಆಸ್ಪತ್ರೆಗೆ ಬಂದಳು. ತಲೆಯ ಮೇಲೆ ಒಂದು ಚೀಲ ಮಂಡಕ್ಕಿ, ಮುಟ್ಟಿದರೆ ಇನ್ನೂ ಬೆಚ್ಚಗೆ.

“ಮೇಲಕ್ಕೆ ನನ್ನ ಬಿಡಲ್ಲ, ಗೊತ್ತೈತೆ. ಆಕಿಗೆ ತಿನ್ನಾಕೆ ಆಗಲ್ಲ, ಅದೂ ಗೊತ್ತೈತೆ. ಆಕಿ ಹೆಸರಾಗೆ ನೀವು ತಿನ್ರಿ ಸಿಸ್ಟರ್. ತಿಂದು, ಹೆಂಗಿತ್ತು ಅಂತ ಆಕಿಗೆ ಹೇಳ್ರಿ.”

ಅವತ್ತು ಇಡೀ ಆಸ್ಪತ್ರೆ ಮಂಡಕ್ಕಿ ತಿಂದಿತು. ಸಮೀನಾ ಹೆಚ್ಚಿದ ಈರುಳ್ಳಿ ತರಿಸಿದಳು. ಗೌರಮ್ಮನವರಿಗೂ ಒಂದು ಪಾಲು ಕಟ್ಟಿಡಲಾಯಿತು, ಅವರ ಮೂಗಿಗೆ ಸಲ್ಲಬೇಕಾದ್ದೇ. ಮಧ್ಯಾಹ್ನ ವಿಶಾಲಾಕ್ಷಿ ಸೀರೆಗೆ ಅಂಟಿದ್ದ ಮಂಡಕ್ಕಿ ಕೊಡವಿಕೊಳ್ಳುತ್ತ ಮೇಲೆ ಹತ್ತಿ, ಪರದೆಯ ಮುಂದೆ ಕೂತು, ಗಾನವಿ ಶಾಲೆಗೆ ಹೋದ ಸುದ್ದಿ ಹೇಳಿದಳು. ಹೊಸ ಚೀಲ ಹಾಕಿಕೊಂಡು, ತಿರುಗಿ ತಿರುಗಿ ಅಮ್ಮನನ್ನು ನೋಡುತ್ತ ಹೋದಳಂತೆ ಎಂದಳು. ಅವಳಿ ಹೂಂಗುಟ್ಟುತ್ತ ಕೇಳಿಸಿಕೊಂಡಿತು.

“ನಿಮ್ದು ಊಟ ಆಯ್ತಾ ಸಿಸ್ಟರ್?”

“ಆಯ್ತು ಕಣವ್ವ. ನೀನು ಹುರಿದ ಮಂಡಕ್ಕಿ ತಿಂದೆ.”

ಅವಳಿ ಕೇಳಿತು.

“ಉಪ್ಪು ಹದವಾಗಿತ್ತೇನ್ರಿ?”

“ಹದವಾಗಿತ್ತು.”